ಪತ್ತನಾಜೆಯೊಳಗೆ 50 ಹಂಚು

ಮಾರ್ಚ್ 22

ನನಗೆ ಹೊಲಿಗೆ ಬರುವುದಿಲ್ಲ. ಸೂಜಿಗೆ ನೂಲು ಪೋಣಿಸುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಹಾಗಾಗಿ ಹೊಲಿಗೆಯೇ ಬೇಡದ ಬಟ್ಟೆಯ ಗೋಡೆಚಿತ್ರ ಎಂದು ಗೊತ್ತಾದ ಕೂಡಲೇ ಕೈ ಹಾಕಿದೆ. ಕೆಲಸ ಇಷ್ಟೇ: ಥರ್ಮಾಕೋಲ್ ಮೇಲೆ ಚಿತ್ರ ಬರೆಯಬೇಕು, ಗೆರೆಯುದ್ದಕ್ಕೂ ಕಟ್ಟರಿನಲ್ಲಿ ಸೀಳಬೇಕು, ಬಟ್ಟೆ ತುಂಡಿನ ಅಂಚನ್ನು ಆ ಸೀಳಿನೊಳಗೆ ತುರುಕಬೇಕು. ಜಪಾನಿನವರು ಇದಕ್ಕೆ ಕಿಮೆಕೊಮಿ ಅನ್ನುತ್ತಾರೆ. 18ನೇ ಶತಮಾನದಲ್ಲಿ ಕ್ಯೋಟೊದಲ್ಲಿ ಮರದ ಗೊಂಬೆಗೆ ಗೀರು ಕೊರೆದು, ಬಟ್ಟೆಯ ಅಂಚನ್ನು ಅದರಲ್ಲಿ ತುರುಕಿ ಗೊಂಬೆಗೆ ಉಡಿಸುತ್ತಿದ್ದರಂತೆ. ಅವರ ಮರದ ಜಾಗದಲ್ಲಿ ನಮ್ಮದು ಥರ್ಮಾಕೋಲ್.

ಥರ್ಮಾಕೋಲಿಗೆ ದುಡ್ಡು ಯಾಕೆ ಕೊಡಬೇಕು ಅಂತ ಮಲ್ಪೆ ಬಂದರಿಗೆ ಹೋಗುವ ಪಕ್ಕದ ಮನೆ ಅಣ್ಣನಿಂದ ಮೀನಿನ ಪೆಟ್ಟಿಗೆ ಒಂದನ್ನು ತರಿಸಿದೆ. ಸಾಬೂನು ಹಾಕಿ ತಿಕ್ಕಿದೆ, ಲಿಂಬೆಹುಳಿ ಉಜ್ಜಿದೆ, ಎರಡು ದಿನ ಬಿಸಿಲಿಗಿಟ್ಟೆ. ಮೂರನೇ ದಿನ ಕೋಣೆಯೊಳಗೆ ಫ್ಯಾನ್ ಹಾಕಿದಾಗ ಬಂಗುಡೆ ವಾಸನೆ ಎದ್ದು ಬಂತು. ಬೆಕ್ಕಿಗೆ ಮಾತ್ರ ನನ್ನ ಕಲೆ ಬಹಳ ಹಿಡಿಸಿತು.

ಮಾರ್ಚ್ 30

ಸ್ಟೇಷನರಿ ಅಂಗಡಿಯಿಂದ ಫೋಮ್ ಬೋರ್ಡ್ ತಂದೆ. 5 ಮಿ.ಮೀ. ದಪ್ಪ, ಎರಡೂ ಬದಿಗೆ ಕಾಗದ. ನೋಡಲಿಕ್ಕೆ ಚಂದ, ಆದರೆ ತುರುಕುವ ಕೆಲಸಕ್ಕೆ ಆಗುವುದಿಲ್ಲ. ಸೀಳು ಆಳವಾದರೆ ಹಿಂಬದಿಯ ಕಾಗದಕ್ಕೇ ಬ್ಲೇಡು ತಾಗುತ್ತದೆ. ಸರಿ, ಅಂಟಿಸಿಯೇ ಬಿಡುವ ಅಂತ ಒಂದು ಬದಿಗೆ ಫೆವಿಕಾಲ್ ಸವರಿ ಬೈರಾಸಿನ (ಚೌಕುಳಿ ಟವೆಲಿನ) ತುಂಡು ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಬೋರ್ಡು ಹಪ್ಪಳದ ಹಾಗೆ ಬಾಗಿ ಕೂತಿದೆ. ಒಣಗುವಾಗ ಅಂಟು ಕುಗ್ಗುತ್ತದೆ, ಕುಗ್ಗುವಾಗ ಆ ಬದಿಯನ್ನು ಎಳೆಯುತ್ತದೆ. ಹಿಂಬದಿಗೂ ಅಷ್ಟೇ ಅಂಟು, ಅದೇ ಬಟ್ಟೆ ಹಾಕಿ, ಮೇಲೆ ಮಣೆಯಿಟ್ಟು, ಮಣೆಯ ಮೇಲೆ ಹತ್ತು ಕೆಜಿ ಕುಚ್ಚಲಕ್ಕಿ ಚೀಲ ಹೇರಿದ ಮೇಲೆ ನೆಟ್ಟಗಾಯಿತು. ಅದೀಗ ಫ್ರಿಜ್ಜಿನ ಪಕ್ಕ ನಿಂತಿದೆ. ಕಿತ್ತಳೆ ಚೌಕುಳಿ, ಮೋಸವಿಲ್ಲ.

ಏಪ್ರಿಲ್ 6

ಕೊನೆಗೂ ಸರಿಯಾದ ಮಾಲು: ಒಂದಿಂಚು ದಪ್ಪದ ಹೊಸ ಥರ್ಮಾಕೋಲ್ ಶೀಟು. 60 ಸೆಂ.ಮೀ. ಉದ್ದ, 45 ಸೆಂ.ಮೀ. ಎತ್ತರಕ್ಕೆ ಕತ್ತರಿಸಿಕೊಂಡೆ. ಉಳಿದ ತುಂಡಿನಲ್ಲಿ ಅಭ್ಯಾಸ.

ಮೊದಲ ದಿನವೇ ಒಂದು ಅವಾಂತರ. ತುರುಕಿದ ಬಟ್ಟೆ ಬಿಟ್ಟು ಬರಬಾರದು ಅಂತ ಸೀಳಿನೊಳಗೆ ಗಮ್ಮು ಬಿಡುವ ಬುದ್ಧಿ ಬಂತು. ಕೈಗೆ ಸಿಕ್ಕಿದ್ದು ಚಪ್ಪಲಿ ಅಂಟಿಸುವ ಹಳದಿ ರಬ್ಬರ್ ಗಮ್ಮು. ಬಿಟ್ಟ ಒಂದೇ ನಿಮಿಷಕ್ಕೆ ಸೀಳು ಅಗಲವಾಗುತ್ತಾ ಹೋಯಿತು, ಬಟ್ಟೆ ಒಳಗೆ ಕುಸಿಯಿತು, ಕೆಳಗೆ ನೋಡಿದರೆ ಇಲಿ ಕೊರೆದ ಹಾಗೆ ತೂತು. ಆ ಗಮ್ಮಿನಲ್ಲಿರುವ ದ್ರಾವಕ ಥರ್ಮಾಕೋಲನ್ನೇ ಕರಗಿಸುತ್ತದೆ. ನೈಲ್ ಪಾಲಿಶ್ ತೆಗೆಯುವ ಅಸಿಟೋನ್ ಕೂಡ ಹಾಗೆಯೇ ಮಾಡುತ್ತದೆ. ಬಿಸಿ ಗ್ಲೂ ಗನ್ನಿನ ಕೆಲಸವೂ ಅದೇ, ಕರಗುವುದು ಬಿಸಿಗೆ ಎನ್ನುವುದಷ್ಟೇ ವ್ಯತ್ಯಾಸ. ಅಂಟಿನ ಸಹವಾಸವೇ ಬೇಡ ಅಂತ ಅಂದೇ ತೀರ್ಮಾನಿಸಿದೆ. ಸೀಳು ಸರಿಯಿದ್ದರೆ ಬಟ್ಟೆ ತಾನಾಗಿ ನಿಲ್ಲುತ್ತದೆ.

ಸೀಳು ಸರಿಯಿರಬೇಕಾದರೆ ಬ್ಲೇಡು ಹೊಸದಿರಬೇಕು. ಮೊಂಡು ಬ್ಲೇಡು ಸೀಳುವುದಿಲ್ಲ, ಕಾಳುಗಳನ್ನು ಕೀಳುತ್ತದೆ, ಕಿರ್ರ್ ಅಂತ ಹಲ್ಲು ಜುಮ್ಮೆನ್ನಿಸುವ ಸದ್ದು ಬೇರೆ. ಸದ್ದು ಬಂತೆಂದರೆ ಬ್ಲೇಡಿನ ತುದಿ ಮುರಿಯುವ ಹೊತ್ತಾಯಿತು ಎಂದೇ ಲೆಕ್ಕ. ಆಳ 8 ಮಿ.ಮೀ. ಸಾಕು. ಬ್ಲೇಡಿಗೆ ಆ ಅಳತೆಯಲ್ಲಿ ಟೇಪು ಸುತ್ತಿಕೊಂಡಿದ್ದೇನೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ತುರುಕಲಿಕ್ಕೆ ಬೆಣ್ಣೆ ಚಾಕು, ಹಳೇ ಎಟಿಎಂ ಕಾರ್ಡು, ಉಗುರಿನ ಫೈಲು ಎಲ್ಲ ನೋಡಿ ಆಯಿತು. ಗೆದ್ದದ್ದು ಹ್ಯಾಕ್‌ಸಾ ಬ್ಲೇಡಿನ ಮುರಿದ ತುಂಡು, ಹಲ್ಲಿಲ್ಲದ ಬೆನ್ನಿನ ಕಡೆ. ಹಲ್ಲಿನ ಕಡೆಗೆ ಬಟ್ಟೆ ಸುತ್ತಿ ಹಿಡಿದುಕೊಳ್ಳುತ್ತೇನೆ.

ಏಪ್ರಿಲ್ 15, ಬಿಸುವಿನ (ತುಳು ಹೊಸವರ್ಷದ) ಮರುದಿನ

ಚಿತ್ರ ಎಂತದ್ದು ಅಂತ ನಿಶ್ಚಯವಾಯಿತು: ಬೆಳ್ಮಣ್ಣು ಊರಿನ ಅಜ್ಜನ ಮನೆಯ ಮಾಡು, ಅಂದರೆ ಛಾವಣಿ. ಮನೆಯಲ್ಲ, ಬರೀ ಹಂಚು. ಅಡ್ಡ ಹತ್ತು, ಉದ್ದ ಐದು, ಒಟ್ಟು 50. ಒಂದೊಂದು ಹಂಚು 6 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ.

ಆ ಮನೆಯ ಅಟ್ಟದಲ್ಲಿ ಅಂಗಾತ ಮಲಗಿದರೆ ಹಂಚಿನ ಅಡಿಯಲ್ಲಿ ಅಚ್ಚೊತ್ತಿದ ಅಕ್ಷರ ಕಾಣುತ್ತಿತ್ತು, ಬಾಸೆಲ್ ಮಿಶನ್, 1865. ನಮ್ಮ ಮನೆ 1865ರದ್ದು ಅಂತ ಶಾಲೆಯಲ್ಲಿ ಬಡಾಯಿ ಕೊಚ್ಚಿದ್ದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಪ್ಲೆಬ್‌ಸ್ಟ್ ಎಂಬ ಮಿಶನರಿ ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ ಎಂದು ತಿಳಿಯುವ ಹೊತ್ತಿಗೆ ಕಾಲೇಜು ಮುಗಿದಿತ್ತು.

ಬಟ್ಟೆಗೆ ಅಮ್ಮನ ಕಪಾಟಿಗೆ ಕೈ ಹಾಕಿದೆ. ತಾಳಿಪಾಡಿ ನೇಕಾರರ ಎರಡು ಹತ್ತಿ ಸೀರೆ, ಒಂದು ಕಂದುಗೆಂಪು, ಇನ್ನೊಂದು ಪಾಚಿ ಹಸಿರು. ಎರಡೂ ಉಟ್ಟೂ ಉಟ್ಟೂ ಜಾಳಾಗಿವೆ. ಉಡುಪಿ ಸೀರೆ ಅನ್ನುವುದು ಇದಕ್ಕೇ. 2016ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಈ ಊರಿನದ್ದೇ ವಿಶೇಷ ಎಂಬ ಸರಕಾರಿ ಗುರುತು, ಸಿಕ್ಕಿದ ಮೇಲಂತೂ ಅಮ್ಮ ಈ ಸೀರೆಗಳನ್ನು ಒಡವೆಯ ಹಾಗೆ ಮಡಚಿಡುತ್ತಾರೆ.

"ಉಡಲಿಕ್ಕಾಗದಿದ್ದರೆ ಹೊದೆಯಲಿಕ್ಕಾಗ್ತದೆ. ಹೊದೆಯಲಿಕ್ಕಾಗದಿದ್ದರೆ ಮಕ್ಕಳಿಗೆ ತೊಟ್ಟಿಲಿಗಾಗ್ತದೆ. ನೀನು ಕತ್ತರಿ ಹಾಕ್ತೇನೆ ಅಂತೀಯಲ್ಲ ಮಗಾ?"

"ತೊಟ್ಟಿಲಿಗೆ ಮಗು ಎಲ್ಲುಂಟು ಅಮ್ಮಾ?"

ತಪ್ಪು ಪ್ರಶ್ನೆ. ಮಾತು ಬೇರೆ ದಾರಿ ಹಿಡಿಯಿತು, ಅದನ್ನಿಲ್ಲಿ ಬರೆಯುವುದಿಲ್ಲ. ಕೊನೆಗೆ ಹರಿದ ಕಡೆಯಿಂದ ಎರಡೆರಡು ಮೊಳ ಸಿಕ್ಕಿತು.

ಏಪ್ರಿಲ್ 27

18 ಹಂಚು ಆಗಿದೆ. ಬಟ್ಟೆ ಬಟ್ಟೆಗೆ ಎಷ್ಟು ವ್ಯತ್ಯಾಸ ಎಂದು ಈಗ ಬೆರಳಿಗೆ ಗೊತ್ತು. ಅಮ್ಮನ ಸೀರೆಯ ತುಂಡು ಸೀಳಿನ ಮೇಲಿಟ್ಟು ಬ್ಲೇಡಿನ ಬೆನ್ನು ಒತ್ತಿದರೆ ಇಳಿದುಹೋಗುತ್ತದೆ, ಮತ್ತೆ ಅಲುಗಾಡುವುದಿಲ್ಲ. ಟೈಲರಣ್ಣ ಕೊಟ್ಟ ಪಾಲಿಯೆಸ್ಟರ್ ಚಿಂದಿ ಒಂದು ಬದಿ ತುರುಕಿದರೆ ಇನ್ನೊಂದು ಬದಿಯಿಂದ ಜಾರಿ ಹೊರಗೆ. ಬ್ಲೌಸಿನ ಅಸ್ತರ್ ಬಟ್ಟೆ ಪರವಾಗಿಲ್ಲ. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದಲ್ಲ, ಅದು ಕತ್ತರಿಸುವಾಗ ಕಾಗದದಷ್ಟು ನೀಟು, ತುರುಕುವಾಗ ಮಾತ್ರ ಪುಟಿದೇಳುತ್ತದೆ. ಅದಲ್ಲದೆ ಗಂಜಿ ಅಂದರೆ ಮಳೆಗಾಲದಲ್ಲಿ ಬೂಷ್ಟಿಗೆ ಊಟ ಬಡಿಸಿದ ಹಾಗೆ. ಹೊಸದನ್ನೆಲ್ಲ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಒಣಗಿಸಿಯೇ ಕತ್ತರಿ ಹಾಕುತ್ತಿದ್ದೇನೆ.

ಪ್ರತಿ ತುಂಡಿನ ಅಳತೆ ಏಳೂವರೆಗೆ ಹತ್ತೂವರೆ ಸೆಂ.ಮೀ., ಅಂದರೆ ಸುತ್ತಲೂ ಮುಕ್ಕಾಲು ಸೆಂ.ಮೀ. ಒಳಗೆ ಹೋಗಲಿಕ್ಕೆ. ಮೊದಲು ನಾಲ್ಕು ಬದಿಯ ನಡುಮಧ್ಯೆ ಒಂದೊಂದು ಒತ್ತು, ಆಮೇಲೆ ಮೂಲೆಯ ಕಡೆಗೆ. ಮೂಲೆಯಿಂದ ಶುರುಮಾಡಿದರೆ ನಡುವೆ ಸುಕ್ಕು ಗ್ಯಾರಂಟಿ.

ದೊಡ್ಡ ತಲೆನೋವು ನಾಲ್ಕು ಹಂಚು ಸೇರುವ ಜಾಗದ್ದು. ಒಂದು ಸೀಳಿನಲ್ಲಿ ಎರಡು ಬಟ್ಟೆ ನೆಮ್ಮದಿಯಾಗಿ ಇರುತ್ತವೆ. ಕೂಡುವಲ್ಲಿ ನಾಲ್ಕು ಬಟ್ಟೆಯ ಮೂಲೆಗಳು ಒಟ್ಟಿಗೆ ನುಗ್ಗಿದಾಗ ಥರ್ಮಾಕೋಲ್ ಉಬ್ಬಿ, ಒಂದು ಚೂರು ಕಿತ್ತು ಬರುತ್ತದೆ. ಮೂರು ಕಡೆ ಹಾಗಾಯಿತು. ಈಗ ತುಂಡಿನ ನಾಲ್ಕೂ ಮೂಲೆಗಳನ್ನು ಓರೆಯಾಗಿ ಕತ್ತರಿಸುತ್ತೇನೆ. ಸೀಳು ಹಾಕುವಾಗಲೂ ಕೂಡುವ ಜಾಗದಲ್ಲಿ ಒಂದು ನೂಲಿನಷ್ಟು ಬಿಟ್ಟು, ಕೊನೆಗೆ ಬ್ಲೇಡಿನ ತುದಿಯಿಂದ ಚುಚ್ಚುತ್ತೇನೆ. ಕಿತ್ತುಹೋದ ಮೂರು ಕಡೆಗೆ ಬಟ್ಟೆಯ ಎಳೆ ಉಂಡೆಮಾಡಿ ತುಂಬಿದ್ದೇನೆ, ನೀವು ನೋಡಿದರೆ ಗೊತ್ತಾಗದು, ನನಗೆ ಮಾತ್ರ ಅಲ್ಲಿಗೇ ಕಣ್ಣು ಹೋಗುತ್ತದೆ.

ಮೇ 10

ಸಿಡಿಲು, ಕರೆಂಟಿಲ್ಲ. ಎರಡು ಹಂಚು. ಒಟ್ಟು 31.

ಮೇ 19

41 ಹಂಚು ಆಯಿತು. ಪತ್ತನಾಜೆ, ಅಂದರೆ ತುಳು ತಿಂಗಳು ಬೇಶದ ಹತ್ತನೇ ದಿನ, ಇದೇ 24ಕ್ಕೆ. ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ ನಾನೂ ಕಟ್ಟರ್ ಕೆಳಗಿಡಬೇಕು ಅಂತ ಲೆಕ್ಕ, ಮತ್ತೆ ತೇವ ಶುರುವಾದರೆ ಬಟ್ಟೆ ಒಣಗುವುದಿಲ್ಲ.

ಬಣ್ಣದ ಜೋಡಣೆ ನನಗೆ ಹಿಡಿಸಿದೆ. ಕಂದುಗೆಂಪು ಜಾಸ್ತಿ, ನಡುನಡುವೆ ಪಾಚಿ ಹಸಿರು, ಕೊಡೆಯ ಹಳೇ ಬಟ್ಟೆಯಂಥ ಕಪ್ಪು ಐದಾರು. ಎರಡನೇ ಸಾಲಿನಲ್ಲಿ ಒಂದು ಮಾತ್ರ ಕಣ್ಣಿಗೆ ಹೊಡೆಯುವ ಹೊಸ ಕೆಂಪು: ಮಂಗ ಹಾರಿ ಒಡೆದದ್ದಕ್ಕೆ ಬದಲು ಹಾಕಿದ್ದು.

ಅಮ್ಮ ಇಷ್ಟು ದಿನ ಈ ಕಡೆ ತಲೆ ಹಾಕಿರಲಿಲ್ಲ. ಇವತ್ತು ಸಂಜೆ ಕಾಫಿ ಲೋಟ ಹಿಡಿದುಕೊಂಡು ಬಂದು ನಿಂತರು. ತುಂಬ ಹೊತ್ತು ನೋಡಿದರು.

"ಗಾಜಿನ ಹಂಚು ಎಲ್ಲಿ?"

ನನಗೆ ಮರೆತೇಹೋಗಿತ್ತು. ಅಡುಗೆಮನೆಯ ಒಲೆಯ ನೇರಕ್ಕೆ ಒಂದು ಗಾಜಿನ ಹಂಚಿತ್ತು, ಹನ್ನೊಂದು ಗಂಟೆಗೆ ಅದರಿಂದ ಬಿಸಿಲಿನ ಕೋಲು ಇಳಿದು ಹೊಗೆಯಲ್ಲಿ ನಿಲ್ಲುತ್ತಿತ್ತು. ಅಮ್ಮ ಒಳಗೆ ಹೋಗಿ ಅಪ್ಪನ ಶಲ್ಯವೊಂದನ್ನು ತಂದರು. ಬಿಳಿ, ಸಣ್ಣ ಜರಿಯಂಚು, ನಡುವೆ ಹರಿದಿದೆ. ಕತ್ತರಿಯನ್ನೂ ಅವರೇ ಹಾಕಿದರು.

ಮೇ 24

ಐವತ್ತೂ ಆಯಿತು, ರಾತ್ರಿ ಹತ್ತೂವರೆಗೆ. ಹೊರ ಅಂಚಿನ ಬಟ್ಟೆಯನ್ನು ಹಿಂದಕ್ಕೆ ಮಡಚಿ ಗುಂಡುಸೂಜಿ ಚುಚ್ಚಿದೆ, ಸುತ್ತ ಸೀರೆಯ ಅಂಚಿನ ಪಟ್ಟಿ. ಗಾಜಿನ ಹಂಚು ಸ್ವಲ್ಪ ಸೊಟ್ಟ. ಶಲ್ಯದ ಜರಿ ಗಡಸು, ಸೀಳಿನೊಳಗೆ ಬಗ್ಗುವುದಿಲ್ಲ. ಎರಡು ಸಲ ತೆಗೆದು ಹಾಕಿದೆ. ಮೂರನೇ ಸಲ ತೆಗೆದರೆ ಸೀಳು ಸಡಿಲವಾಗುತ್ತದೆ.

"ಹಾಗೇ ಇರಲಿ ಬಿಡು, ಅದು ಯಾವಾಗ ನೆಟ್ಟಗಿತ್ತು? ಅದರ ಬದಿಯಿಂದಲೇ ಸೋರುತ್ತಿದ್ದದ್ದು" ಅಂದರು ಅಮ್ಮ.

ಜೂನ್ 17

ಪಡುಬದಿಯ ಗೋಡೆ ಮಳೆ ಹೊಡೆತಕ್ಕೆ ಬೆವರುತ್ತದೆ, ಹಾಗಾಗಿ ಒಳಕೋಣೆಯ ಗೋಡೆಗೆ ತೂಗುಹಾಕಿದೆವು. ಭಾರವೇ ಇಲ್ಲ, ಒಂದು ಸಣ್ಣ ಮೊಳೆ ಸಾಕಾಯಿತು. ಹಿಂದೆ ಗಾಳಿಯಾಡಲಿ ಎಂದು ನಾಲ್ಕು ಮೂಲೆಗೂ ಬಾಟಲಿ ಬಿರಡೆಯ ಅರ್ಧರ್ಧ ತುಂಡು ಅಂಟಿಸಿದ್ದೇನೆ, ಫೆವಿಕಾಲಿನಲ್ಲಿ, ರಬ್ಬರ್ ಗಮ್ಮಿನಲ್ಲಲ್ಲ.

ಹತ್ತು ದಿನದ ಮಳೆಯ ನಂತರ ಇವತ್ತು ಟಾರ್ಚ್ ಹಿಡಿದು ನೋಡಿದೆ. ಸೀರೆಯ ಹಂಚುಗಳಿಗೆ ಏನೂ ಆಗಿಲ್ಲ. ನಾಲ್ಕನೇ ಸಾಲಿನ ಒಂದು ಕಪ್ಪು ಹಂಚಿನ ಮೇಲೆ ಬಿಳಿ ಚುಕ್ಕೆ ಚುಕ್ಕೆ ಬೂಷ್ಟು. ಆ ತುಂಡನ್ನು ಅವಸರದಲ್ಲಿ ನೆನೆಸದೆ ಹಾಕಿದ್ದೆ, ಗಂಜಿ ಹಾಗೇ ಉಳಿದಿತ್ತು. ಅಂಟು ಹಾಕದ ಪುಣ್ಯಕ್ಕೆ ಚಿಮುಟದಲ್ಲಿ ಹಿಡಿದು ಎಳೆದರೆ ಬಂತು. ಆ ಜಾಗಕ್ಕೆ ಪಾಚಿ ಹಸಿರಿನ ಒಂದು ತುಂಡು ತುರುಕಿದೆ. ಅಜ್ಜನ ಮನೆಯ ಮಾಡಿಗೆ ವರ್ಷಕ್ಕೆ ಏಳೆಂಟು ಹಂಚು ಬದಲಾಗುತ್ತಿತ್ತು, ನನ್ನದಕ್ಕೆ ಮೊದಲ ಮಳೆಗೆ ಒಂದು. ಹಸಿರು ಸೀರೆಯಲ್ಲಿ ಇನ್ನು ಆರು ತುಂಡಿಗಾಗುವಷ್ಟು ಉಳಿದಿದೆ, ಮಡಚಿ ಬೋರ್ಡಿನ ಹಿಂದೆಯೇ ಸಿಕ್ಕಿಸಿಟ್ಟಿದ್ದೇನೆ.