ಮನೆ ಬದಲಿಸುತ್ತಲೇ ಬಂದ ಗ್ರಿಡ್ ಎಂಜಿನ್: ಎರಡನೇ ತಿಂಗಳ ಲೆಕ್ಕ

ಮೂರು ಹಳೆಯ ಲ್ಯಾಪ್‌ಟಾಪ್‌ಗಳು ಕೊನೆಗೂ ಒಂದೇ ಕ್ಯೂನಿಂದ ಕೆಲಸ ಎತ್ತಿಕೊಳ್ಳುತ್ತಿವೆ. ಇದಕ್ಕೆ ಎರಡು ವಾರ ಹಿಡಿಯಿತು. ಅದರಲ್ಲಿ ಹತ್ತು ದಿನ ಒಂದೇ ಒಂದು ಸಾಲಿಗೆ ಹೋಯಿತು. ಆ ಗೋಳು ಆಮೇಲೆ.

ಹೋದ ತಿಂಗಳ ವರದಿ ಓದದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎರಡು ಕೆಲಸ ಹಚ್ಚಿಕೊಂಡಿದ್ದೇನೆ. ಗ್ರಿಡ್ ಎಂಜಿನ್ ಕಟ್ಟಿದ ಕಂಪನಿಯ ಕಥೆಯನ್ನು ಒಂದು ದೊಡ್ಡ ಹಾಳೆಯಲ್ಲಿ ಬಿಡಿಸುವುದು ಒಂದು. ಅದರ ಹಳೆಯ ಆವೃತ್ತಿಯನ್ನು ನಿಜಕ್ಕೂ ಓಡಿಸಿ ನೋಡುವುದು ಇನ್ನೊಂದು. ಗ್ರಿಡ್ ಎಂಜಿನ್ ಮಾಡುವುದು ಸರದಿ ಕಾಯಿಸುವ ಕೆಲಸ. ಹತ್ತಾರು ಕಂಪ್ಯೂಟರ್‌ಗಳಿವೆ, ಸಾವಿರಾರು ಲೆಕ್ಕಗಳಿವೆ. ಯಾವುದು ಯಾವಾಗ ಯಾವ ಯಂತ್ರಕ್ಕೆ ಹೋಗಬೇಕು ಅಂತ ಅದು ತೀರ್ಮಾನಿಸುತ್ತದೆ. 'ಕ್ಯೂಸಬ್' ಅಂತ ಕೊಟ್ಟರೆ ನಿಮ್ಮ ಕೆಲಸ ಸಾಲಿನಲ್ಲಿ ನಿಂತಿತು ಅಂತ ಅರ್ಥ. ಈ ಆಜ್ಞೆಯ ಹೆಸರು ಇವರ ಸ್ವಂತದ್ದಲ್ಲ. 1980ರ ದಶಕದಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕಾಗಿ ಮಾಡಿದ ಎನ್‌ಕ್ಯೂಎಸ್ ಎಂಬ ಹಳೆಯ ಸರದಿ ತಂತ್ರಾಂಶದಿಂದ ಬಂದದ್ದು.

ಹಾಳೆಯ ಎಡತುದಿಯಲ್ಲಿ ಜೀನಿಯಾಸ್ ಸಾಫ್ಟ್‌ವೇರ್ ಇದೆ. ಜರ್ಮನಿಯ ರೇಗೆನ್ಸ್‌ಬುರ್ಗ್ ಪಕ್ಕದ ನಾಯ್‌ಟ್ರೌಬ್ಲಿಂಗ್ ಊರಿನ ಪುಟ್ಟ ಕಂಪನಿ. ಕಟ್ಟಿದವರು ವೋಲ್ಫ್‌ಗಾಂಗ್ ಗೆಂಟ್ಶ್. ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಹುಟ್ಟಿದ ಡಿಕ್ಯೂಎಸ್ ಎಂಬ ಸರದಿ ತಂತ್ರಾಂಶವನ್ನು ತೆಗೆದುಕೊಂಡು, ಬೆಳೆಸಿ, 'ಕೋಡೈನ್' ಅಂತ ಮಾರಿದರು. ಜಾಲಕ್ಕೆ ಕಟ್ಟಿದ ಯಂತ್ರಗಳಲ್ಲಿ ಹಂಚಿ ಲೆಕ್ಕ ಮಾಡುವುದು ಅನ್ನೋದನ್ನೇ ಮೊಟಕು ಮಾಡಿದ ಹೆಸರು. ಕೆಮ್ಮಿನ ಔಷಧಿಯ ಹೆಸರು ನೆನಪಾಗುತ್ತದೆ, ಅಲ್ವಾ? ನನಗಂತೂ ಹುಡುಕುವಾಗ ಬರೀ ಔಷಧಿ ಪುಟಗಳೇ ಸಿಕ್ಕವು.

1999ರಲ್ಲಿ ಜೀನಿಯಾಸ್ ಇನ್ನೊಂದು ಕಂಪನಿಯ ಜೊತೆ ಸೇರಿ ಗ್ರಿಡ್‌ವೇರ್ ಆಯಿತು. 2000ದ ಜುಲೈನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಗ್ರಿಡ್‌ವೇರನ್ನು ಕೊಂಡುಕೊಳ್ಳುವುದಾಗಿ ಹೇಳಿತು. ಕೋಡೈನ್‌ಗೆ ಸನ್ ಗ್ರಿಡ್ ಎಂಜಿನ್ (ಎಸ್‌ಜಿಇ) ಅಂತ ಹೊಸ ಹೆಸರಿಟ್ಟು, ಮರುವರ್ಷವೇ ಮೂಲ ಕೋಡ್ ಎಲ್ಲರಿಗೂ ಸಿಗುವಂತೆ ಬಿಟ್ಟಿತು. ಈಗಲೂ ಹೆಚ್ಚಿನ ಫೈಲುಗಳ ತಲೆಯ ಮೇಲೆ 'ಸನ್ ಮೈಕ್ರೋಸಿಸ್ಟಮ್ಸ್, ಮಾರ್ಚ್ 2001' ಅಂತ ಕಾಣುತ್ತದೆ. ನನಗೆ ಇದು ಹಳೇ ಮನೆಯ ಬಾಗಿಲಿಗೆ ಅಂಟಿಸಿದ ಹೆಸರಿನ ಚೀಟಿಯ ಹಾಗೆ. ಒಳಗಿದ್ದವರು ಹೋಗಿ ಎಷ್ಟೋ ವರ್ಷವಾಗಿದೆ, ಚೀಟಿ ಕಿತ್ತಿಲ್ಲ.

ಸನ್ ಕಾಲ ಸುವರ್ಣ ಕಾಲ ಅನ್ನಬಹುದು. ಪುಕ್ಕಟೆ ಸಿಗುತ್ತಿತ್ತು, ಚೆನ್ನಾಗಿ ಓಡುತ್ತಿತ್ತು, ಹಾಗಾಗಿ ಎಲ್ಲ ಕಡೆ ಹರಡಿತು. 2008ರಲ್ಲಿ ಟೆಕ್ಸಾಸ್‌ನಲ್ಲಿ ಶುರುವಾದ ರೇಂಜರ್ ಎಂಬ ಸೂಪರ್ ಕಂಪ್ಯೂಟರ್‌ನಲ್ಲಿ 62,976 ಕೋರ್‌ಗಳಿದ್ದವು. ಅಲ್ಲೂ ಸರದಿ ನೋಡಿಕೊಂಡದ್ದು ಇದೇ. ನನ್ನ ಹತ್ತಿರ ಇರುವುದು ಹತ್ತು ಕೋರ್. ಅದರಲ್ಲಿ ಎರಡು ಜಾಸ್ತಿ ಬಿಸಿಯಾಗುತ್ತವೆ ಅಂತ ಸುಮ್ನೆ ಬಿಟ್ಟಿದ್ದೇನೆ.

ಈಗ ಗೋಳು. ಮುಖ್ಯ ಯಂತ್ರದಲ್ಲಿ ಕೆಲಸ ಹಂಚುವ 'ಕ್ಯೂಮಾಸ್ಟರ್' ಓಡುತ್ತಿತ್ತು. ಉಳಿದ ಎರಡರಲ್ಲಿ ಕೊಟ್ಟ ಕೆಲಸ ಓಡಿಸುವ 'ಎಕ್ಸೆಕ್‌ಡಿ' ಹಾಕಿದೆ. ಇವು ಮಾತಾಡಿಕೊಳ್ಳುವ 6444, 6445 ಎರಡೂ ಪೋರ್ಟ್ ತೆರೆದಿದ್ದವು. ಆದರೂ ಒಂದಕ್ಕೊಂದು ಮಾತಾಡಲಿಲ್ಲ. ಕೊಟ್ಟ ಕೆಲಸಗಳೆಲ್ಲ 'ಕ್ಯೂಡಬ್ಲ್ಯೂ' ಸ್ಥಿತಿಯಲ್ಲಿ, ಅಂದರೆ ಸಾಲಿನಲ್ಲಿ ಕಾಯುತ್ತಾ ಕೂತವು. ಕೇಬಲ್ ಬದಲಿಸಿದೆ. ಎಲ್ಲ ಅಳಿಸಿ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಕೊನೆಗೆ, ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡುವ ಹೋಸ್ಟ್ಸ್ ಫೈಲ್ ತೆರೆದು ನೋಡಿದರೆ, ನಾನು ಹಾಕಿದ್ದ ಲಿನಕ್ಸ್ ತನ್ನದೇ ಹೆಸರಿನ ಮುಂದೆ 127.0.1.1 ಅಂತ ಬರೆದುಕೊಂಡಿತ್ತು. ಮುಖ್ಯ ಯಂತ್ರ 'ನನ್ನ ವಿಳಾಸ ನನ್ನೊಳಗೇ ಇದೆ' ಅಂದುಕೊಂಡಿತ್ತು. ಬೇರೆಯವರಿಗೆ ಅದೇ ಹೆಸರಿಗೆ ಬೇರೆ ವಿಳಾಸ ಕಾಣುತ್ತಿತ್ತು. ಹೆಸರು ಮತ್ತು ವಿಳಾಸ ಹೊಂದದಿದ್ದರೆ ಗ್ರಿಡ್ ಎಂಜಿನ್ ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಸಾಲು ತಿದ್ದಿದೆ. ಹದಿನೈದು ಸೆಕೆಂಡಿನಲ್ಲಿ ಮೊದಲ ಕೆಲಸ ಓಡಿತು. ಹದಿನೈದು ಯಾಕೆಂದರೆ, ಸರದಿ ನೋಡುವ ಭಾಗ ಮಾಮೂಲಾಗಿ ಅಷ್ಟು ಹೊತ್ತಿಗೊಮ್ಮೆ ಕಣ್ಣು ಬಿಡುತ್ತದೆ.

ಓಡುವ ಪ್ರತಿ ಕೆಲಸದ ತಲೆಯ ಮೇಲೂ 'ಶೆಪರ್ಡ್' ಎಂಬ ಪ್ರೋಸೆಸ್ ಒಂದು ಕಾಣುತ್ತದೆ. ಕುರಿಗೊಬ್ಬ ಕಾವಲುಗಾರ. ಕೆಲಸ ಸತ್ತರೆ, ಹೇಗೆ ಸತ್ತಿತು ಅಂತ ಹೇಳುವವನು ಅವನೇ. ಹೆಸರಿಟ್ಟವರಿಗೆ ಒಂದು ಸಲಾಮ್.

ಇನ್ನು ಹಾಳೆಯ ಮೇಲೆ ಸಿಕ್ಕಿಬಿದ್ದ ಜಾಗ. 2010ರ ಜನವರಿಯಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡುಕೊಂಡಿತು. ಅಲ್ಲಿಯವರೆಗೆ ಒಂದೇ ನೇರ ಗೆರೆ ಎಳೆದುಕೊಂಡು ಬಂದಿದ್ದೆ. ಇಲ್ಲಿ ಅದು ಮೂರಾಗಿ ಒಡೆಯಿತು. ಗ್ರಿಡ್ ಎಂಜಿನ್ ಎಂಬ ಹೆಸರು, ಹಕ್ಕು ಎಲ್ಲ ಒರಾಕಲ್ ಕೈಯಲ್ಲಿ. ತೆರೆದ ಕೋಡ್‌ನ ಕೊನೆಯ ಆವೃತ್ತಿ 6.2ಯು5 ಮಾತ್ರ ಸಾರ್ವಜನಿಕರ ಕೈಯಲ್ಲಿ. ಅದರಿಂದ ಓಪನ್ ಗ್ರಿಡ್ ಷೆಡ್ಯೂಲರ್, ಸನ್ ಆಫ್ ಗ್ರಿಡ್ ಎಂಜಿನ್ ಎಂಬ ಎರಡು ಕವಲು ಹೊರಟವು. (ಈ ಎರಡನೆಯ 'ಸನ್' ಅಂದರೆ ಮಗ. ಎಸ್‌ಜಿಇ ಎಂಬ ಮೂರಕ್ಷರ ಉಳಿಯಿತು, ಸೂರ್ಯ ಮಗನಾದ.) ಮತ್ತೆ ಜನ? 2011ರ ಜನವರಿಯಲ್ಲಿ ಯೂನಿವಾ ಎಂಬ ಕಂಪನಿ ಸನ್ ತಂಡದ ಮುಖ್ಯ ಎಂಜಿನಿಯರ್‌ಗಳನ್ನು ತನ್ನ ಕಡೆ ಕರೆದುಕೊಂಡಿತು. ಜೀನಿಯಾಸ್ ಕಾಲದಿಂದಲೂ ಇದ್ದ ಫ್ರಿಟ್ಸ್ ಫೆರ್ಸ್ಟ್ಲ್ ಕೂಡ ಅವರಲ್ಲಿದ್ದರು. ಹೆಸರು, ಹಕ್ಕು ಯೂನಿವಾಗೆ ಬಂದದ್ದು 2013ರ ಅಕ್ಟೋಬರ್‌ನಲ್ಲಿ.

ಅಂದರೆ ಸುಮಾರು ಮೂರು ವರ್ಷ ಹೆಸರು ಒಂದು ಕಡೆ, ಬರೆದವರು ಇನ್ನೊಂದು ಕಡೆ. ಇದನ್ನು ಕಂಪನಿಗಳ ಡಬ್ಬಿ ಬರೆದು, ಬಾಣ ಎಳೆದು ತೋರಿಸೋಕೆ ಆಗಲೇ ಇಲ್ಲ. ಹಾಗಾಗಿ ಹಾಳೆಯನ್ನೇ ಬದಲಿಸಿದೆ. ಈಗ ಮೂರು ಬಣ್ಣ: ಜನಕ್ಕೆ ನೀಲಿ, ಕೋಡ್‌ಗೆ ಹಸಿರು, ಹಕ್ಕಿಗೆ ಕೆಂಪು. ನೀಲಿ ಗೆರೆ ಎಲ್ಲೂ ಕಡಿಯದೆ ಜೀನಿಯಾಸ್‌ನಿಂದ ಯೂನಿವಾವರೆಗೆ ಬರುತ್ತದೆ. ಕೆಂಪು ಗೆರೆ ಅದರ ಹಿಂದೆ ಎಡವುತ್ತಾ ಬಂದು ಸೇರುತ್ತದೆ. ಮೊದಲೇ ಹೀಗೆ ಬಿಡಿಸಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಯೂನಿವಾ ಕಡೆಯಿಂದಲೂ ಒಂದು ಉಪನದಿ ಇದೆ. 2004ರಲ್ಲಿ ಯೂನಿವಾವನ್ನು ಶುರು ಮಾಡಿದ್ದು ಗ್ಲೋಬಸ್ ಎಂಬ ಗ್ರಿಡ್ ತಂತ್ರಾಂಶದ ಖ್ಯಾತಿಯ ಇಯಾನ್ ಫಾಸ್ಟರ್, ಕಾರ್ಲ್ ಕೆಸೆಲ್ಮನ್, ಸ್ಟೀವ್ ಟ್ಯೂಕಿ. 2007ರಲ್ಲಿ ಅದಕ್ಕೆ ಆಸ್ಟಿನ್‌ನ ಯುನೈಟೆಡ್ ಡಿವೈಸಸ್ ಸೇರಿತು. 2001ರಲ್ಲಿ ಮನೆಮನೆಯ ಕಂಪ್ಯೂಟರ್‌ಗಳ ಬಿಡುವಿನ ಹೊತ್ತನ್ನು ಕ್ಯಾನ್ಸರ್ ಔಷಧಿ ಹುಡುಕೋಕೆ ಬಳಸಿದವರು ಇವರೇ. ಇವರದ್ದೇ ಬೇರೆ ಹಾಳೆ ಬೇಕು, ಈಗ ಬೇಡ.

2020ರಲ್ಲಿ ಆಲ್ಟೇರ್ ಎಂಬ ಅಮೆರಿಕದ ತಂತ್ರಾಂಶ ಕಂಪನಿ ಯೂನಿವಾವನ್ನು ಕೊಂಡಿತು. 2025ರಲ್ಲಿ ಸೀಮೆನ್ಸ್ ಆಲ್ಟೇರನ್ನು ಕೊಂಡಿತು. ಜರ್ಮನಿಯಿಂದ ಹೊರಟದ್ದು ಕೊನೆಗೆ ಜರ್ಮನ್ ಕಂಪನಿಗೇ ಬಂತು. ಹಾಳೆಯ ಬಲತುದಿ ಮುಗಿದಿದ್ದರಿಂದ ಸೀಮೆನ್ಸ್ ಡಬ್ಬಿಯನ್ನು ಬೇರೆ ಕಾಗದದಲ್ಲಿ ಬರೆದು ಅಂಟಿಸಿದ್ದೇನೆ.

ಮುಂದಿನ ಕೆಲಸ 'ಷೇರ್ ಟ್ರೀ'. ಹೋದ ವಾರ ಜಾಸ್ತಿ ಯಂತ್ರ ಬಳಸಿದವರನ್ನು ಈ ವಾರ ಹಿಂದೆ ಸರಿಸುವ ವ್ಯವಸ್ಥೆ ಇದು. ಗ್ರಿಡ್‌ವೇರ್ ಕಾಲದ ಜಿಆರ್‌ಡಿ ಎಂಬ ಉತ್ಪನ್ನದಿಂದ ಬಂದದ್ದು. ಹಳೆಯ ಬಳಕೆಯ ತೂಕ ಅರ್ಧಕ್ಕೆ ಇಳಿಯೋಕೆ 168 ಗಂಟೆ ಅಂತ ಮೊದಲೇ ಇಟ್ಟಿರುತ್ತಾರೆ. ಎರಡು ನಕಲಿ ಬಳಕೆದಾರರನ್ನು ಮಾಡಿ, ಒಬ್ಬನಿಂದ ನಿನ್ನೆ ರಾತ್ರಿ ಇಡೀ ಯಂತ್ರ ತಿನ್ನಿಸಿದೆ. ಇವತ್ತು ಇಬ್ಬರಿಂದಲೂ ನಲವತ್ತು ನಲವತ್ತು ಕೆಲಸ ಹಾಕಿದ್ದೇನೆ. ತಿಂದವನು ಸದ್ಯಕ್ಕೆ ಹಿಂದೆ ನಿಂತಿದ್ದಾನೆ. ಇಬ್ಬರಿಗೂ ದಿನಾ ಹೊಸ ಕೆಲಸ ಹಾಕುತ್ತಾ ಮುಂದಿನ ಭಾನುವಾರದವರೆಗೆ ನೋಡುತ್ತೇನೆ.