ಸೇಂಟ್ ಲೂಸಿಯಾದ ಕ್ವೆಯೋಲ್ ಭಾನುವಾರ

ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ಜನರ ಆಡುಮಾತಾದ ಕ್ವೆಯೋಲ್ ಭಾಷೆಯನ್ನು ಕಿವಿತುಂಬ ಕೇಳಬೇಕೆಂದರೆ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಹಳ್ಳಿ ಕಡೆ ಹೋಗಬೇಕು. ಅಂದು ‘ಜೂನೆ ಕ್ವೆಯೋಲ್’, ಆ ಭಾಷೆಯದೇ ಹಬ್ಬ. ಚರ್ಚಿನ ಪ್ರಾರ್ಥನೆಯಿಂದ ಹಿಡಿದು ಕೆಂಡದಲ್ಲಿ ಸುಟ್ಟ ಜೀಗುಜ್ಜೆ ಮಾರುವವರ ಮಾತಿನವರೆಗೆ ಎಲ್ಲೆಲ್ಲೂ ಕ್ವೆಯೋಲ್. ‘ಸಾ ಕಾ ಫೆತ್?’ ಎಂದರೆ ಏನು ಸಮಾಚಾರ ಎಂದರ್ಥ. ಮರುದಿನ ಶಾಲೆ, ಕಚೇರಿ, ಕೋರ್ಟು ಮತ್ತೆ ಇಂಗ್ಲಿಷಿಗೆ ಮರಳುತ್ತವೆ.

ಫ್ರೆಂಚರು, ಬ್ರಿಟಿಷರ ನಡುವೆ ಮತ್ತೆ ಮತ್ತೆ ಕೈಬದಲಾದ ದ್ವೀಪವಿದು. 1814ರಲ್ಲಿ ಬ್ರಿಟಿಷರ ಪಾಲಿಗೆ ಕಾಯಂ ಆಯಿತು. ಆಡಳಿತದ ಭಾಷೆ ಬದಲಾದರೂ ತೋಟಗಳಲ್ಲಿ ದುಡಿದ ಆಫ್ರಿಕನ್ ಗುಲಾಮರ ಮಾತು ಬದಲಾಗಲಿಲ್ಲ. ಪದಗಳು ಬಹುಪಾಲು ಫ್ರೆಂಚ್ ಮೂಲದವು, ವ್ಯಾಕರಣ ಮಾತ್ರ ಅದರದೇ. ಇದನ್ನು ಹರಕು ಫ್ರೆಂಚ್ ಎನ್ನುವುದು ಶುದ್ಧ ಅನ್ಯಾಯ.

ಕ್ರಿಯಾಪದವನ್ನೇ ನೋಡಿ. ನಮ್ಮಲ್ಲಿ ತಿನ್ನುತ್ತೇನೆ, ತಿನ್ನುತ್ತೀಯ, ತಿನ್ನುತ್ತಾರೆ ಎಂದು ಕೊನೆ ಬದಲಾಗುತ್ತದೆ. ಅಲ್ಲಿ ಯಾರೇ ತಿನ್ನಲಿ, ‘ಮಾಂಜೆ’ಯೇ. ಕಾಲ ತಿಳಿಯುವುದು ಅದಕ್ಕಿಂತ ಮೊದಲು ಬರುವ ಪುಟ್ಟ ಪದದಿಂದ. ‘ಮ್ವೆಂ ಕಾ ಮಾಂಜೆ’ ಎಂದರೆ ತಿನ್ನುತ್ತಿದ್ದೇನೆ, ‘ಮ್ವೆಂ ತೆ ಕಾ ಮಾಂಜೆ’ ತಿನ್ನುತ್ತಿದ್ದೆ, ‘ಮ್ವೆಂ ಕಾಯ್ ಮಾಂಜೆ’ ತಿನ್ನುವೆ. ಹೊಸಬರು ಎಡವುವುದು ‘ಕಾ’ ಬಿಟ್ಟಾಗ: ‘ಮ್ವೆಂ ಮಾಂಜೆ’ ಎಂದರೆ ತಿಂದೆ, ಊಟ ಮುಗಿಯಿತು! ಆದರೆ ತಿಳಿದಿರುವುದು, ಇರುವುದು ಮುಂತಾದ ಸ್ಥಿತಿ ಹೇಳುವ ಪದಗಳಿಗೆ ಈ ಲೆಕ್ಕ ಹೊಂದದು. ‘ಮ್ವೆಂ ಸಾವ್’ ಎಂದರೆ ಈಗಲೇ ಗೊತ್ತಿದೆ. ನಿರ್ದಿಷ್ಟವಾದ ಒಂದನ್ನು ತೋರಿಸುವ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ: ಪುಸ್ತಕ ‘ಲಿವ್-ಲಾ’, ನೀರು ‘ದ್ಲೋ-ಆ’.

ಪಕ್ಕದ ಡೊಮಿನಿಕಾ, ಮಾರ್ಟಿನಿಕ್‌ನವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ದ್ವೀಪದ ಇಂಗ್ಲಿಷಿಗೂ ಇದರ ಛಾಯೆ ಬಿದ್ದಿದೆ. ಸೆಕೆಯಾದಾಗ ‘ಇಟ್ ಮೇಕಿಂಗ್ ಹಾಟ್’ ಅನ್ನುತ್ತಾರೆ, ಕ್ವೆಯೋಲ್‌ನ ‘ಇ ಕಾ ಫೆ ಶೋ’ ಎಂಬುದರ ನೇರ ಅಚ್ಚು. 1859ರಿಂದ ಭಾರತದ ಕೂಲಿಗಳೂ ಇಲ್ಲಿಗೆ ಬಂದರು. ಅವರ ಮನೆಮಾತು ಉಳಿಯಲಿಲ್ಲ, ಮಕ್ಕಳು ಮೊಮ್ಮಕ್ಕಳು ಕ್ವೆಯೋಲ್‌ನವರೇ ಆದರು.

ಈಗ ಕುತ್ತು ಕ್ವೆಯೋಲ್‌ಗೇ ಬಂದಿದೆ. ರಾಜಧಾನಿ ಕ್ಯಾಸ್ಟ್ರೀಸ್‌ನ ಎಷ್ಟೋ ಮಕ್ಕಳಿಗೆ ಮೊದಲು ಬರುವುದು ಇಂಗ್ಲಿಷು. ಕಲಿಯುವವರಿಗೆ ಸಲಕರಣೆಯ ಕೊರತೆಯಂತೂ ಇಲ್ಲ: 2001ರಲ್ಲಿ ಶಿಕ್ಷಣ ಸಚಿವಾಲಯದಿಂದ ನಿಘಂಟು ಬಂತು, ಬರವಣಿಗೆಯೂ ಉಚ್ಚರಿಸಿದಂತೆಯೇ. ಫ್ರೆಂಚ್ ಕಾಗುಣಿತ ಮರೆತು ಕಿವಿಯನ್ನು ನಂಬಿದರೆ ಓದು ಬೇಗ ಕೈಹತ್ತುತ್ತದೆ.