ಹುಬ್ಬಳ್ಳಿಯಿಂದ ಕಲಬುರಗಿಗೆ: ಆಕಾಶದ ದೂರ, ಹಾರಾಟದ ಹೊತ್ತು

ಹುಬ್ಬಳ್ಳಿ ಮತ್ತು ಕಲಬುರಗಿ ವಿಮಾನ ನಿಲ್ದಾಣಗಳ ನಡುವೆ ನೇರ ಗೆರೆ ಎಳೆದರೆ ಸುಮಾರು 295 ಕಿ.ಮೀ. ಈ ಲೆಕ್ಕಕ್ಕೆ ಒಂದು ಕ್ಯಾಲ್ಕುಲೇಟರ್ ಸಾಕು. ಗೋಕುಲ ರಸ್ತೆಯ ನಮ್ಮ ಹುಬ್ಬಳ್ಳಿ ನಿಲ್ದಾಣ 15.36 ಡಿಗ್ರಿ ಅಕ್ಷಾಂಶ, 75.08 ರೇಖಾಂಶದಲ್ಲಿದೆ. ಶ್ರೀನಿವಾಸ ಸರಡಗಿ ಹತ್ತಿರದ ಕಲಬುರಗಿ ನಿಲ್ದಾಣ 17.31 ಮತ್ತು 76.96ರಲ್ಲಿ.

ಅಕ್ಷಾಂಶದ ವ್ಯತ್ಯಾಸ 1.95. ಅಕ್ಷಾಂಶದ ಒಂದು ಡಿಗ್ರಿಗೆ 110.6 ಕಿ.ಮೀ., ಅದರಿಂದ ಗುಣಿಸಿದರೆ ಉತ್ತರಕ್ಕೆ 216 ಕಿ.ಮೀ. ರೇಖಾಂಶದ ವ್ಯತ್ಯಾಸ 1.88. ಧ್ರುವಗಳ ಕಡೆ ಹೋದಂತೆ ರೇಖಾಂಶಗಳು ಹತ್ತಿರವಾಗುತ್ತವೆ, ಹಾಗಾಗಿ ನಮ್ಮ ಭಾಗದಲ್ಲಿ ಒಂದು ಡಿಗ್ರಿಗೆ 106.8 ಕಿ.ಮೀ. ಹಿಡಿಯಬೇಕು: ಪೂರ್ವಕ್ಕೆ 201 ಕಿ.ಮೀ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 295 ಬಂತು. ಪೈಲಟ್‌ಗಳ ಅಳತೆಯಲ್ಲಿ 159 ನಾಟಿಕಲ್ ಮೈಲು (ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ.).

ತಪ್ಪುವುದು ಸಾಮಾನ್ಯವಾಗಿ ಮೊದಲ ಹೆಜ್ಜೆಯಲ್ಲೇ. 15 ಡಿಗ್ರಿ 21 ನಿಮಿಷ ಎಂದು ಬರೆದದ್ದನ್ನು 15.21 ಎಂದು ಓದಿಕೊಳ್ಳುತ್ತಾರೆ. 60 ನಿಮಿಷಕ್ಕೆ ಒಂದು ಡಿಗ್ರಿ, ಆದ್ದರಿಂದ 21 ನಿಮಿಷ ಎಂದರೆ 0.35. ಅಷ್ಟರಲ್ಲೇ ಹದಿನೈದು ಕಿ.ಮೀ. ಹೆಚ್ಚುಕಡಿಮೆ ಆಗುತ್ತದೆ.

ಹೊತ್ತಿನ ಲೆಕ್ಕ ಇಷ್ಟು ಸಲೀಸಲ್ಲ. ದೊಡ್ಡ ಜೆಟ್‌ನ 800 ಕಿ.ಮೀ. ವೇಗದಿಂದ ಭಾಗಿಸಿ 22 ನಿಮಿಷ ಎನ್ನುವುದು ಶುದ್ಧ ತಪ್ಪು. ಇಷ್ಟು ಹತ್ತಿರದ ಊರುಗಳಿಗೆ ಹೊಂದುವುದು ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ವೇಗದಲ್ಲಿ 35 ನಿಮಿಷ. ಮೇಲೇರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಅದಕ್ಕೆ ಎಂಟು ಹತ್ತು ನಿಮಿಷ ಸೇರಿಸಿ. ಎರಡೂ ಕಡೆ ನೆಲದ ಮೇಲಿನ ಓಡಾಟಕ್ಕೆ ಇನ್ನೊಂದು ಹತ್ತು. ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ 55 ನಿಮಿಷದಿಂದ ಒಂದು ಗಂಟೆ ಎಂದಿಟ್ಟುಕೊಳ್ಳಿ. ಎಂಬ್ರೇಯರ್ 145 ಜೆಟ್ ಆದರೂ ಉಳಿಯುವುದು ಹತ್ತು ನಿಮಿಷದಷ್ಟೇ, ಯಾಕೆಂದರೆ ಪೂರ್ತಿ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ಎದುರುಗಾಳಿಯನ್ನು ಜನ ದೊಡ್ಡದು ಮಾಡುತ್ತಾರೆ. 20 ನಾಟ್ (ಗಂಟೆಗೆ ಸುಮಾರು 37 ಕಿ.ಮೀ.) ಎದುರುಗಾಳಿ ಇದ್ದರೂ ಈ ದೂರದಲ್ಲಿ ಮೂರು ನಿಮಿಷ ಹೆಚ್ಚಾಗುತ್ತದೆ, ಅಷ್ಟೇ. ನಿಜವಾಗಿ ಹೊತ್ತು ತಿನ್ನುವುದು ರನ್‌ವೇಯ ಯಾವ ತುದಿ ಬಳಕೆಯಲ್ಲಿದೆ ಎಂಬುದು. ರನ್‌ವೇಯ ಹೆಸರಿನ ಅಂಕಿಗಳು ಅದರ ಎರಡು ದಿಕ್ಕುಗಳನ್ನು ಹತ್ತು ಡಿಗ್ರಿಗಳ ಲೆಕ್ಕದಲ್ಲಿ ಹೇಳುತ್ತವೆ: ಹುಬ್ಬಳ್ಳಿಯದು 08/26, ಕಲಬುರಗಿಯದು 09/27, ಎರಡೂ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಹಾಗಾಗಿ ಇಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏರಿ ಈಶಾನ್ಯಕ್ಕೆ ತಿರುಗಬೇಕು. ಅಲ್ಲಿ ನಿಲ್ದಾಣ ದಾಟಿ ಹೋಗಿ ಪೂರ್ವದ ಕಡೆಯಿಂದ ಹಿಂತಿರುಗಿ ಇಳಿಯಬೇಕು. ಚಳಿಗಾಲದ ಮೂಡಣಗಾಳಿಯಲ್ಲಿ ಎರಡೂ ಸುತ್ತು ತಪ್ಪುತ್ತವೆ. ಆದರೆ ಆಗ ಬೆಳಗಿನ ಮಂಜಿನ ಕಾಟ. ಇಳಿಯಲು ಅನುಮತಿ ಸಿಗದೆ ಆಕಾಶದಲ್ಲೇ ಸುತ್ತಿದರೆ ಒಂದೊಂದು ಸುತ್ತಿಗೂ ನಾಲ್ಕು ನಿಮಿಷ.

ಸಮಾನಾಂತರ ಟ್ಯಾಕ್ಸಿವೇ, ಅಂದರೆ ರನ್‌ವೇ ಪಕ್ಕದಲ್ಲೇ ಸಾಗುವ ಓಡಾಟದ ದಾರಿ, ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ಮತ್ತೊಂದು ತೊಡಕಿದೆ. ವಿಮಾನ ರನ್‌ವೇ ಮೇಲೆಯೇ ತುದಿವರೆಗೆ ಹೋಗಿ ಹೊರಳಬೇಕು, ಅಷ್ಟು ಹೊತ್ತು ಬೇರೆ ವಿಮಾನ ಇಳಿಯುವಂತಿಲ್ಲ.

ಬೆಂಗಳೂರು ಸುತ್ತಿ ಹೋಗುವುದಾದರೆ ಇದೇ ಸೂತ್ರ ಎರಡು ಸಲ ಹಾಕಿ: ಹುಬ್ಬಳ್ಳಿ-ಬೆಂಗಳೂರು 370, ಬೆಂಗಳೂರು-ಕಲಬುರಗಿ 460. ಒಟ್ಟು 830 ಕಿ.ಮೀ., ನೇರ ದಾರಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ಎರಡು ಹಾರಾಟದ ಜೊತೆಗೆ ನಡುವೆ ಕಾಯುವ ಹೊತ್ತನ್ನೂ ಕೂಡಿಸಿದ ಮೇಲೆಯೇ ರೈಲಿನ ಹೊತ್ತಿನೊಂದಿಗೆ ತಾಳೆ ಹಾಕಿ ಟಿಕೆಟ್ ತೆಗೆಯಿರಿ.